ಕೈಕೆಲಸಕ್ಕೆ ಮರ್ಯಾದೆ ತಂದ ತಾಯಿ: ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯ

(ಸಂಘದ ನಿರ್ದೇಶಕರೊಬ್ಬರಿಂದ, ಶ್ರೀಗಂಧದ ಕಾವಲ್)



ನಮ್ಮ ಸಂಘದ ಬೆಳ್ಳಿಹಬ್ಬದ ಈ ಸ್ಮರಣ ಸಂಚಿಕೆಗೆ ಯಾರಾದರೂ ಮಹನೀಯರ ಜೀವನ ಚರಿತ್ರೆ ಬರೆದುಕೊಡಿ ಅಂತ ಸಂಪಾದಕ ಮಂಡಳಿಯವರು ನನಗೆ ವಹಿಸಿದರು. ಎಲ್ಲರೂ ನಾನು ಕಣಗಿನಹಾಳದ ಸಿದ್ದನಗೌಡ ಪಾಟೀಲರ ಬಗ್ಗೆ ಬರೀತೀನಿ ಅಂದುಕೊಂಡಿದ್ದರು. 1905ರಲ್ಲಿ ಗದಗ ಸೀಮೆಯ ಆ ಹಳ್ಳೀಲಿ ಸಹಕಾರಿ ಸಂಘ ಕಟ್ಟಿದ ಆ ಪುಣ್ಯಾತ್ಮರಿಗೆ ಕೋಟಿ ನಮಸ್ಕಾರ. ಆದರೆ ಪ್ರತಿ ನವೆಂಬರ್ ತಿಂಗಳ ಸಹಕಾರ ಸಪ್ತಾಹದಲ್ಲಿ ಅವರ ಮೇಲೆ ಭಾಷಣ ಆಗೇ ಆಗುತ್ತೆ. ನಾನು ಬರೆಯಲು ಹೊರಟಿರೋದು ನಮ್ಮ ಕರ್ನಾಟಕದಲ್ಲೇ ಹುಟ್ಟಿ, ಸಹಕಾರವನ್ನು ಸೂಜಿ ದಾರದವರ ಹತ್ತಿರ, ಮಗ್ಗದವರ ಹತ್ತಿರ, ಮಡಕೆ ಮಾಡುವವರ ಹತ್ತಿರ ತೆಗೆದುಕೊಂಡು ಹೋದ ಒಬ್ಬ ಹೆಣ್ಣುಮಗಳ ವಿಷಯ.

ಇದಕ್ಕೆ ಒಂದು ಕಾರಣವೂ ಇದೆ. ಹೊಲಿಗೆ ಮಿಷನ್ ಸಾಲದ ವಿಷಯ ನಮ್ಮ ಸಭೆಗೆ ಬಂದಾಗ ಒಬ್ಬ ಹಿರಿಯರು, ಹೆಂಗಸರು ಬಿಡುವಿನಲ್ಲಿ ಮಾಡೋ ಕೆಲಸಕ್ಕೆ ಸಂಘದ ದುಡ್ಡು ಯಾಕೆ, ಅದೇ ದುಡ್ಡನ್ನ ಹಸುವಿಗೆ ಕೊಟ್ಟರೆ ಹಾಲಾದರೂ ಬರುತ್ತೆ ಅಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಊರಲ್ಲಿ ಬಹಳ ಜನದ ಅಭಿಪ್ರಾಯವೇ ಅದು. ಮನೇಲಿ ಹೆಣ್ಣುಮಕ್ಕಳು ಉಲ್ಲನ್ ಸ್ವೆಟರ್ ಹೆಣೀತಾರೆ, ಕ್ರೋಷಾದಲ್ಲಿ ಟೇಬಲ್ ಕ್ಲಾತು, ಬಾಗಿಲಿಗೆ ತೋರಣ ಹಾಕ್ತಾರೆ, ಹಳೆ ಸೀರೆ ಪಂಚೆ ಸೇರಿಸಿ ಕೌದಿ ಹೊಲೀತಾರೆ. ಇದನ್ನೆಲ್ಲ ನಾವು ಕೆಲಸ ಅಂತ ಲೆಕ್ಕ ಹಾಕೋದೇ ಇಲ್ಲ. ಈ ಲೆಕ್ಕ ತಪ್ಪು ಅಂತ ತೋರಿಸೋದಕ್ಕೆ ಕಮಲಾದೇವಿಯವರ ಬದುಕಿಗಿಂತ ಒಳ್ಳೆ ಸಾಕ್ಷಿ ನನಗೆ ಕಾಣಲಿಲ್ಲ.

ಕಮಲಾದೇವಿಯವರು ಹುಟ್ಟಿದ್ದು 1903ನೇ ಇಸವಿ ಏಪ್ರಿಲ್ 3ರಂದು, ಮಂಗಳೂರಿನಲ್ಲಿ. ತಂದೆ ಅನಂತಯ್ಯ ಧಾರೇಶ್ವರ, ಬ್ರಿಟಿಷರ ಕಾಲದ ದೊಡ್ಡ ಅಧಿಕಾರಿ. ತಾಯಿ ಗಿರಿಜಾಬಾಯಿ ಆ ಕಾಲಕ್ಕೇ ಓದು ಬರಹ ಬಲ್ಲವರು. ಪಂಡಿತಾ ರಮಾಬಾಯಿ, ರಮಾಬಾಯಿ ರಾನಡೆ ಅಂಥವರ ಸ್ನೇಹ ಇದ್ದ ಮನೆ ಅದು. ಆಗಿನ ಮಂಗಳೂರೂ ಸಾಮಾನ್ಯ ಊರಲ್ಲ. ಬಾಸೆಲ್ ಮಿಷನ್‌ನವರ ನೇಯ್ಗೆ ಕಾರ್ಖಾನೆ, ಹೆಂಚಿನ ಕಾರ್ಖಾನೆ ಅಲ್ಲಿದ್ದವು. ಇವತ್ತು ನಮ್ಮ ಮನೆಗಳಲ್ಲಿ ಇರುವ ಕ್ರೋಷಾ, ಸ್ವೆಟರ್ ಹೆಣಿಗೆ ಎಲ್ಲಾ ಇಂಥ ಮಿಷನ್ ಶಾಲೆಗಳಿಂದಲೇ ಹೆಚ್ಚಾಗಿ ಹರಡಿದ್ದು.

ಹುಡುಗಿಗೆ ಏಳು ವರ್ಷ ಇರುವಾಗ ತಂದೆ ತೀರಿಕೊಂಡರು. ಉಯಿಲು ಬರೆದಿರಲಿಲ್ಲ. ಅಂದಿನ ಕಾನೂನಿನ ಪ್ರಕಾರ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ಗಿರಿಜಾಬಾಯಿಗೆ ತಿಂಗಳಿಗಿಷ್ಟು ಅಂತ ಜೀವನಾಂಶ ಕೊಡುವ ಮಾತು ಬಂತು. ಆ ತಾಯಿ ಅದನ್ನು ಬೇಡವೆಂದು, ಮಗಳನ್ನು ಕರೆದುಕೊಂಡು ಮನೆ ಬಿಟ್ಟರು. ನಿನ್ನೆವರೆಗೆ ಯಜಮಾನಿ, ಇವತ್ತು ಏನೂ ಇಲ್ಲ. ಈ ಏಟು ಕಮಲಾದೇವಿಯವರಿಗೆ ಕಡೆವರೆಗೂ ಮರೆಯಲಿಲ್ಲ.

ಇದನ್ನು ಬರೆಯುವಾಗ ನಮ್ಮ ಭಾಗದ್ದೇ ನೆನಪಾಗುತ್ತೆ. ಸುಂಕದಕಟ್ಟೆ, ಮಲ್ಲತ್ತಹಳ್ಳಿ, ನಾಗರಭಾವಿ ಸುತ್ತ ಜಮೀನು ಬಡಾವಣೆಗೆ ಹೋಗಿ ಪರಿಹಾರ ಬಂದಾಗ ಎಷ್ಟು ಮನೆಗಳಲ್ಲಿ ಹೆಣ್ಣುಮಕ್ಕಳ ಹೆಸರು ಪಟ್ಟಿಯಲ್ಲಿತ್ತು? ಕರ್ನಾಟಕದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕು ಬಂತು, 2005ರಲ್ಲಿ ದೇಶಕ್ಕೆಲ್ಲ ಬಂತು. ಕಾನೂನು ಬಂದರೂ ಕಳೆ ಕಿತ್ತವಳ ಹೆಸರು ಪಹಣಿಗೆ ಬರೋದು ತಡವೇ. ಇರಲಿ, ಮುಂದಕ್ಕೆ ಹೋಗೋಣ.

ತಾಯಿ ಮಗಳು ಸೋದರಮಾವನ ಮನೆ ಸೇರಿದರು. ಅದು ದೊಡ್ಡ ದೊಡ್ಡವರು ಬಂದು ಹೋಗುವ ಮನೆ. ಗೋಪಾಲಕೃಷ್ಣ ಗೋಖಲೆ, ಶ್ರೀನಿವಾಸ ಶಾಸ್ತ್ರಿಗಳಂಥವರ ಮಾತು ಬಾಲಕಿಯ ಕಿವಿಗೆ ಬೀಳುತ್ತಿತ್ತು. ಹದಿನಾಲ್ಕಕ್ಕೆ, 1917ರಲ್ಲಿ, ಮದುವೆಯಾಯಿತು. ಎರಡೇ ವರ್ಷಕ್ಕೆ ಗಂಡ ತೀರಿಕೊಂಡ. ಅಂದಿನ ಪದ್ಧತಿಯಂತೆ ಅಲ್ಲಿಗೆ ಆ ಹೆಣ್ಣಿನ ಬಾಳು ಮುಗಿದಂತೆ. ಗಿರಿಜಾಬಾಯಿ ಒಪ್ಪಲಿಲ್ಲ. ಮಗಳನ್ನು ಮೂಲೆಗೆ ಕೂರಿಸದೆ ಓದಲು ಕಳಿಸಿದರು. ಮದ್ರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿ ಇವರ ಜೊತೆಗಾತಿ. ಆಕೆಯ ಮೂಲಕ ಅಣ್ಣ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವಾಗಿ, ಜನ ಏನೇ ಅಂದರೂ ಮದುವೆಯಾದರು. ವಿಧವಾ ವಿವಾಹ, ಅದರ ಮೇಲೆ ಬೇರೆ ಪ್ರಾಂತ್ಯ, ಬೇರೆ ಭಾಷೆ. ಮುಂದೆ ಆ ಸಂಸಾರ ಉಳಿಯಲಿಲ್ಲ, ಇಬ್ಬರೂ ಬೇರೆಯಾದರು. ಒಬ್ಬ ಮಗ. ಗಂಡ ಹೆಂಡತಿ ಸೇರಿ ನಾಟಕ ಆಡುತ್ತಿದ್ದರು, ಲಂಡನ್ನಿಗೂ ಹೋಗಿ ಬಂದರು. ಮಾನವಂತರ ಮನೆ ಹೆಂಗಸರು ರಂಗ ಹತ್ತಬಾರದು ಅನ್ನುತ್ತಿದ್ದ ಕಾಲದಲ್ಲಿ ಕಮಲಾದೇವಿ ರಂಗ ಹತ್ತಿದ್ದಲ್ಲದೆ ಕನ್ನಡದ ಮೃಚ್ಛಕಟಿಕ ಅನ್ನುವ ಮೂಕಿ ಚಿತ್ರದಲ್ಲೂ ಪಾತ್ರ ಮಾಡಿದರು.

ಲಂಡನ್ನಿನಿಂದ ಬಂದವರೇ ಗಾಂಧೀಜಿಯವರ ಚಳವಳಿಗೆ ಇಳಿದರು. ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರರು ಕಟ್ಟಿದ ಸೇವಾದಳದಲ್ಲಿ ಹೆಂಗಸರ ಪಡೆ ತಯಾರು ಮಾಡುವ ಕೆಲಸ ಇವರದ್ದು. 1926ರಲ್ಲಿ ಮದ್ರಾಸ್ ಶಾಸನ ಸಭೆಗೆ ನಿಂತರು. ಈ ದೇಶದಲ್ಲಿ ಹೀಗೆ ಶಾಸನ ಸಭೆಯ ಚುನಾವಣೆಗೆ ನಿಂತ ಮೊದಲ ಹೆಣ್ಣುಮಗಳು ಇವರೇ ಅಂತ ಹೇಳ್ತಾರೆ. ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ, ಸೋತದ್ದು ಕೆಲವೇ ಮತಗಳಿಂದ. 1927ರಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಶುರುವಾದಾಗ ಅದರ ಸಂಘಟನಾ ಕಾರ್ಯದರ್ಶಿ ಆದರು.

1930ರ ಉಪ್ಪಿನ ಸತ್ಯಾಗ್ರಹದ ವಿಷಯ ಹೇಳಲೇಬೇಕು. ದಂಡಿಗೆ ಗಾಂಧೀಜಿ ಕರೆದುಕೊಂಡು ಹೋದ ತಂಡದಲ್ಲಿ ಹೆಂಗಸರಿರಲಿಲ್ಲ. ಕಮಲಾದೇವಿಯವರು ನೇರವಾಗಿ ಗಾಂಧೀಜಿ ಹತ್ತಿರ ಹೋಗಿ, ಉಪ್ಪು ಅಡಿಗೆ ಮನೆಯ ವಸ್ತು, ಈ ಹೋರಾಟದಲ್ಲಿ ಹೆಂಗಸರಿಗೆ ಜಾಗ ಬೇಕು ಅಂತ ವಾದ ಮಾಡಿ ಒಪ್ಪಿಸಿದರು. ಬೊಂಬಾಯಿ ಸಮುದ್ರ ದಂಡೆಯಲ್ಲಿ ಕಾನೂನು ಮುರಿದ ಮೊದಲ ತಂಡದಲ್ಲಿ ಅವಂತಿಕಾಬಾಯಿ ಗೋಖಲೆ ಮತ್ತು ಇವರು ಇದ್ದರು. ಆಮೇಲೆ ಉಪ್ಪಿನ ಪೊಟ್ಟಣ ಹಿಡಿದು ಷೇರು ಪೇಟೆಯೊಳಗೇ ನುಗ್ಗಿ ಮಾರಿದರು. ಹಿಡಿದು ಕೋರ್ಟಿಗೆ ನಿಲ್ಲಿಸಿದರೆ ಮ್ಯಾಜಿಸ್ಟ್ರೇಟರಿಗೇ ಒಂದು ಪೊಟ್ಟಣ ತೆಗೆದುಕೊಳ್ಳಿ ಅಂದರಂತೆ. ಜೈಲಾಯಿತು. ಹೀಗೆ ಮುಂದೆಯೂ ಹಲವು ಸಲ ಜೈಲು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷೆ. 1941ರ ಸುಮಾರಿಗೆ ಅಮೆರಿಕಾದಲ್ಲಿ ರೈಲಿನಲ್ಲಿ ಹೋಗುವಾಗ, ಬಿಳಿಯರ ಜಾಗ ಬಿಟ್ಟು ಏಳು ಅಂತ ಟಿಕೆಟ್ಟಿನವನು ಬಂದ. ಭಾರತದವಳು ಅಂದರೆ ಬಿಟ್ಟುಬಿಡುತ್ತಿದ್ದನೋ ಏನೋ, ಇವರು ಆ ದಾರಿ ಹಿಡಿಯಲಿಲ್ಲ. ತಾನೂ ಬಣ್ಣದವಳೇ, ಏಳುವುದಿಲ್ಲ ಅಂತ ಕೂತೇ ಬಿಟ್ಟರು.

ಇಷ್ಟು ಹೋರಾಟ ಮಾಡಿದವರು ಸ್ವಾತಂತ್ರ್ಯ ಬಂದ ಮೇಲೆ ಮಂತ್ರಿಯಾಗಲಿಲ್ಲ. ನನ್ನ ಲೆಕ್ಕದಲ್ಲಿ ಅವರ ಬದುಕಿನ ದೊಡ್ಡ ಭಾಗ ಶುರುವಾಗೋದೇ ಇಲ್ಲಿಂದ. ನಮ್ಮಂಥ ಸಂಘದವರು ಗಮನವಿಟ್ಟು ಓದಬೇಕಾದ್ದೂ ಇದೇ.

1947ರಲ್ಲಿ ದೇಶ ಇಬ್ಭಾಗವಾಗಿ ಲಕ್ಷಾಂತರ ಜನ ಉಟ್ಟ ಬಟ್ಟೆಯಲ್ಲಿ ಈ ಕಡೆ ಬಂದರು. ಡೇರೆಗಳಲ್ಲಿ ಸರ್ಕಾರ ಹಾಕಿದ ಅನ್ನ ಉಂಡು ಕೂತಿದ್ದ ಅವರನ್ನು ಮತ್ತೆ ಮನುಷ್ಯರ ಹಾಗೆ ನಿಲ್ಲಿಸೋದು ಹೇಗೆ? ಕಮಲಾದೇವಿಯವರು ಗಾಂಧೀಜಿಯವರ ಸಲಹೆ ಕೇಳಿ ಸಹಕಾರದ ದಾರಿ ಹಿಡಿದರು. ಪ್ರಧಾನಿ ನೆಹರೂ ಅವರು, ಸರ್ಕಾರದ ದುಡ್ಡು ಕೇಳದಿದ್ದರೆ ಮಾಡಿ ಅಂತ ಒಪ್ಪಿದರು. 1948ರಲ್ಲಿ ಭಾರತೀಯ ಸಹಕಾರಿ ಒಕ್ಕೂಟ ಹುಟ್ಟಿತು. ದೆಹಲಿ ಪಕ್ಕದ ಛತ್ತರ್‌ಪುರದ ಕಡೆ ನಿರಾಶ್ರಿತ ರೈತರನ್ನು ಸೇರಿಸಿ ಬೇಸಾಯದ ಸಂಘ ಕಟ್ಟಿದರು. ಆಮೇಲೆ ಫರೀದಾಬಾದ್. ವಾಯವ್ಯ ಗಡಿ ಪ್ರಾಂತ್ಯದಿಂದ ಬಂದ ಸುಮಾರು 50,000 ಜನಕ್ಕೆ ಅಲ್ಲಿ ಹೊಸ ಊರು. ಕಂಟ್ರಾಕ್ಟರಿಗೆ ಕೊಡದೆ, ನಿರಾಶ್ರಿತರೇ ಸಂಘ ಮಾಡಿಕೊಂಡು ಕಲ್ಲು ಮಣ್ಣು ಹೊತ್ತು ತಮ್ಮ ಮನೆ ತಾವೇ ಕಟ್ಟಿಕೊಳ್ಳುವ ಏರ್ಪಾಡು. ಅಂಗಡಿ ವ್ಯಾಪಾರ ಮಾಡಿಕೊಂಡಿದ್ದವರು ಗಾರೆ ಕೆಲಸ ಕಲಿತರು. ಒಕ್ಕೂಟದಲ್ಲಿ ಎಲ್.ಸಿ. ಜೈನ್ ಎಂಬ ಯುವಕರು ಇವರ ಬಲಗೈಯಾಗಿ ನಿಂತರು. ಫರೀದಾಬಾದಿನಲ್ಲಿ ಸಹಕಾರದ ಕನಸು ಪೂರ್ತಿ ಉಳಿಯಲಿಲ್ಲ, ಅಧಿಕಾರಿಗಳ ಕೈ ಮೇಲಾಯಿತು. ಸಂಘದ ಕೆಲಸ ಗೊತ್ತಿರುವ ನಮಗೆ ಇದು ಆಶ್ಚರ್ಯದ ಸಂಗತಿ ಏನಲ್ಲ. ಆದರೂ ಊರು ಎದ್ದು ನಿಂತಿತು.

ಇದೇ ಹೊತ್ತಿಗೆ ನಿರಾಶ್ರಿತ ಹೆಣ್ಣುಮಕ್ಕಳ ಹೊಲಿಗೆ, ಕಸೂತಿ ಮಾರಲು ದೆಹಲಿಯಲ್ಲಿ ಅಂಗಡಿ ತೆರೆದಿದ್ದರು. ಪಂಜಾಬಿನ ಕಡೆ ಫುಲ್ಕಾರಿ ಅಂತ ಒಂದು ಹೊಲಿಗೆ ಇದೆ. ಕೈಯಲ್ಲಿ ನೂತ ಒರಟು ಬಟ್ಟೆಗೆ ಹಿಂದಿನ ಮಗ್ಗುಲಿಂದ ರೇಷ್ಮೆ ಎಳೆ ಹಾಕಿ ಹೂ ತುಂಬೋದು. ಮೊಮ್ಮಗಳು ಹುಟ್ಟಿದಾಗ ಅಜ್ಜಿ ಶುರು ಮಾಡಿದರೆ ಮದುವೆ ಹೊತ್ತಿಗೆ ಮುಗೀತಿತ್ತಂತೆ. ಮನೆ ಮಠ ಕಳೆದುಕೊಂಡು ಬಂದವರ ಹತ್ತಿರ ಉಳಿದಿದ್ದು ಇಂಥ ಕೈಚಳಕ ಒಂದೇ. ಸರ್ಕಾರದ ಗುಡಿ ಕೈಗಾರಿಕೆ ಎಂಪೋರಿಯಂ ನಷ್ಟದಲ್ಲಿ ನಡೀತಿತ್ತು. 1952ರಲ್ಲಿ ಅದನ್ನು ಕಮಲಾದೇವಿಯವರ ಒಕ್ಕೂಟಕ್ಕೆ ವಹಿಸಿದರು. ಸಹಕಾರಿಗಳ ಕೈಗೆ ಬಂದ ಮೇಲೆ ಅದು ದೇಶ ವಿದೇಶದವರು ಹುಡುಕಿಕೊಂಡು ಬರುವ ಅಂಗಡಿಯಾಯಿತು. 1960ರ ದಶಕದಲ್ಲಿ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು. ನಷ್ಟ ಇದ್ದಾಗ ನಿಮಗೆ, ಲಾಭ ಬಂದಾಗ ನಮಗೆ!

1952ರಲ್ಲೇ ಅಖಿಲ ಭಾರತ ಕರಕುಶಲ ಮಂಡಳಿ ರಚನೆಯಾಗಿ ಕಮಲಾದೇವಿಯವರು ಅದರ ಅಧ್ಯಕ್ಷೆಯಾದರು. ಆಫೀಸಿನಲ್ಲಿ ಕೂತು ರುಜು ಹಾಕುವ ಅಧ್ಯಕ್ಷಗಿರಿ ಅವರದ್ದಾಗಿರಲಿಲ್ಲ. ರೈಲು, ಜೀಪು, ಎತ್ತಿನ ಗಾಡಿ, ಯಾವುದು ಸಿಕ್ಕಿದರೆ ಅದರಲ್ಲಿ ಹಳ್ಳಿಗೆ ಹೋಗಿ ಕುಶಲಕರ್ಮಿ ಪಕ್ಕದಲ್ಲಿ ನೆಲದ ಮೇಲೆ ಕೂತು ಕೆಲಸ ನೋಡೋರು. ಕಾಳಹಸ್ತಿಯಲ್ಲಿ ಕಲಂಕಾರಿ ಬರೆಯುವವರು ಬೆರಳೆಣಿಕೆಯಷ್ಟು ಉಳಿದಿದ್ದಾಗ ಅಲ್ಲಿ ತರಬೇತಿ ಶಾಲೆ ತೆರೆಸಿದರು. ನಮ್ಮ ಬೆಂಗಳೂರಿನಲ್ಲೂ ಮಂಡಳಿಯ ವಿನ್ಯಾಸ ಕೇಂದ್ರ ಬಂತು. ಕುಶಲಕರ್ಮಿಗಳಿಗೆ ರಾಷ್ಟ್ರ ಪ್ರಶಸ್ತಿ 1965ರಿಂದ ಶುರುವಾಯಿತು. ಕುಂಬಾರ, ಕಮ್ಮಾರ, ಬಟ್ಟೆಗೆ ಬಣ್ಣ ಹಾಕುವವನು, ಇವರನ್ನೆಲ್ಲ ದೆಹಲಿಗೆ ಕರೆಸಿ ಶಾಲು ಹೊದಿಸಿದ್ದು ಆಗಲೇ. ನೇಕಾರರು ಇವರನ್ನು ಮಗ್ಗದ ತಾಯಿ ಅಂತಲೇ ಹಿಂದಿಯಲ್ಲಿ ಕರೀತಿದ್ದರು. ನಮ್ಮ ಊರಿನ ಹೆಸರಲ್ಲೇ ಶ್ರೀಗಂಧ ಇದೆ, ಮರ ಮಾತ್ರ ಕಾಣದು. ಆ ಗಂಧದ ಕೊರಡಿನಲ್ಲಿ ದೇವರನ್ನು ಕೆತ್ತುವ ಸಾಗರ ಸೊರಬದ ಗುಡಿಗಾರರೂ ಇಂಥ ಕರಕುಶಲದವರೇ.

ಸೂಜಿ ಕೆಲಸದ ಮೇಲೆ ಕಮಲಾದೇವಿಯವರಿಗೆ ವಿಶೇಷ ಅಕ್ಕರೆ. ಭಾರತದ ಕಸೂತಿಗಳ ಬಗ್ಗೆಯೇ 1977ರಲ್ಲಿ ಒಂದು ಪುಸ್ತಕ ಬರೆದರು. ಕಸೂತಿ ಅಂದರೆ ಕೈ ಮತ್ತು ಸೂತಿ, ಅಂದರೆ ಕೈಯಿಂದ ಹಾಕಿದ ದಾರ ಅಂತ ತಿಳಿದವರು ಹೇಳ್ತಾರೆ. ಧಾರವಾಡದ ಕಡೆಯ ಈ ಕೆಲಸದಲ್ಲಿ ಬಟ್ಟೆ ಮೇಲೆ ಗೀಟು ಎಳೆಯೋ ಹಾಗಿಲ್ಲ, ದಾರಕ್ಕೆ ಗಂಟು ಹಾಕೋ ಹಾಗಿಲ್ಲ. ಬಟ್ಟೆಯ ಎಳೆ ಎಣಿಸಿ ಎಣಿಸಿಯೇ ಹೊಲೀಬೇಕು. ಗವಂತಿ, ಮುರಗಿ, ನೇಯ್ಗೆ, ಮೆಂತೆ ಅಂತ ನಾಲ್ಕು ಥರದ ಹೊಲಿಗೆ. ಗವಂತಿ ಮತ್ತು ಮುರಗಿ ಹಾಕಿದ್ದು ಬಟ್ಟೆಯ ಎರಡು ಮಗ್ಗುಲೂ ಒಂದೇ ಸಮ ಕಾಣಬೇಕು. ಮೆಂತೆ ಕಾಳಿನ ಹಾಗೆ ಕಾಣೋದು ಮೆಂತೆ. ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಆನೆ, ಇವೇ ಚಿತ್ರಗಳು. ಇಳಕಲ್ಲಿನ ಕರಿ ಚಂದ್ರಕಾಳಿ ಸೀರೆ ಮೇಲೆ ಬಿಳಿ, ಕೆಂಪು, ಹಸಿರು ದಾರ ಹಾಕಿದರೆ ನೋಡಲು ಎರಡು ಕಣ್ಣು ಸಾಲದು. ಈ ಕಸೂತಿಗೆ ಈಗ ಭೌಗೋಳಿಕ ಗುರುತೂ ಸಿಕ್ಕಿದೆ.

ಕೌದಿಯನ್ನೂ ಹಗುರವಾಗಿ ನೋಡಬೇಡಿ. ಬಂಗಾಳದವರು ಹಳೆ ಸೀರೆಗಳನ್ನು ಪದರ ಪದರ ಹಾಕಿ, ಆ ಸೀರೆಯ ಅಂಚಿನಿಂದಲೇ ಬಣ್ಣದ ದಾರ ಬಿಡಿಸಿ ಹೊಲಿದರೆ ಅದು ಕಾಂಥಾ ಅಂತ ದೊಡ್ಡ ಹೆಸರು ಪಡೆಯುತ್ತೆ. ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಾಡಿನ ಸಿದ್ದಿ ಜನ ಹೊಲಿಯುವ ಕೌದಿ ಈಗ ಹೊರದೇಶದಲ್ಲೂ ಪ್ರದರ್ಶನವಾಗಿದೆ. ಅವರು ಅಂಚಿನಿಂದ ಶುರು ಮಾಡಿ ಸುತ್ತು ಸುತ್ತಾಗಿ ನಡುವಿಗೆ ಹೊಲಿದುಕೊಂಡು ಬರ್ತಾರೆ. ಕಡೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಿಸಿ ಪುಲಾ ಅಂತ ಹೂವಿನ ಥರ ಇಡಲೇಬೇಕು, ಇಲ್ಲದಿದ್ದರೆ ಕೌದಿ ಬೆತ್ತಲೆ ಅನ್ನುವ ನಂಬಿಕೆ. ನಮ್ಮ ಮನೆಗಳಲ್ಲಿ ಅದೇ ಕೌದಿ ಅಟ್ಟ ಸೇರಿದೆ, ಅಂಗಡಿಯಿಂದ ತಂದ ಬ್ಲಾಂಕೆಟ್ ಮಂಚದ ಮೇಲಿದೆ. ಮಳೆಗಾಲದ ಚಳಿಗೆ ಯಾವುದು ಬೆಚ್ಚಗೆ ಅಂತ ನಾನು ಹೇಳಬೇಕಾಗಿಲ್ಲ.

ಈಗ ಲೆಕ್ಕದ ವಿಷಯಕ್ಕೆ ಬರ್ತೀನಿ. ಆಂಧ್ರದ ನರಸಾಪುರದಲ್ಲಿ ಹೆಂಗಸರು ಮನೆಯಲ್ಲೇ ಕೂತು ಕ್ರೋಷಾ ಲೇಸು ಹಾಕ್ತಾರೆ. ಅದೂ ಮಿಷನರಿಗಳು ಕಲಿಸಿದ್ದೇ. ಮಾರಿಯಾ ಮೀಸ್ ಎಂಬ ಜರ್ಮನಿಯ ವಿದ್ವಾಂಸೆ ಅಲ್ಲಿ ಹೋಗಿ ನೋಡಿ 1982ರಲ್ಲಿ ಪುಸ್ತಕ ಬರೆದರು. ಲೇಸು ವಿದೇಶಕ್ಕೆ ಹೋಗುತ್ತೆ, ಸಾಗಿಸುವ ವ್ಯಾಪಾರಿಗಳು ಬೆಳೀತಾರೆ, ಆದರೆ ಹಗಲೂ ರಾತ್ರಿ ಹೆಣೆಯುವ ಹೆಂಗಸನ್ನು ಎಲ್ಲರೂ ಬಿಡುವಿನಲ್ಲಿ ಕೈ ಆಡಿಸುವ ಗೃಹಿಣಿ ಅಂತಲೇ ಕರೀತಾರೆ, ಆದ್ದರಿಂದ ಕೂಲಿ ಏಳೋದಿಲ್ಲ ಅನ್ನೋದು ಅವರು ಕಂಡ ಸಂಗತಿ. ನಮ್ಮ ಸಭೆಯಲ್ಲಿ ಆಡಿದ ಮಾತೂ ಇದೇ ಅಲ್ಲವೇ? ಬಿಡುವಿನ ಕೆಲಸ ಅಂತ ಒಂದು ಸಲ ಹೆಸರು ಬಿತ್ತೋ, ಅದಕ್ಕೆ ಸಾಲವಿಲ್ಲ, ಸಂಘವಿಲ್ಲ, ದರವಿಲ್ಲ. ನಮ್ಮ ಹೆಣ್ಣುಮಕ್ಕಳು ಬೆಳಿಗ್ಗೆ ಎದ್ದು ಡಬ್ಬಿ ಕಟ್ಟಿಕೊಂಡು ಪೀಣ್ಯ, ಮೈಸೂರು ರಸ್ತೆ ಕಡೆ ಗಾರ್ಮೆಂಟ್ಸಿಗೆ ಓಡ್ತಾರೆ. ಅಲ್ಲಿ ಕಾಲರ್ ಹೊಲಿಯುವವಳು ದಿನವೆಲ್ಲ ಕಾಲರೇ ಹೊಲೀಬೇಕು. ಅದೇ ಕೈ ಮನೆಗೆ ಬಂದು ಮೊಮ್ಮಗುವಿಗೆ ಕುಲಾವಿ ಹೊಲಿದರೆ ಅದು ಕೆಲಸ ಅಲ್ಲವಂತೆ. ಹಾಲಿಗೆ ಸಂಘ ಇಲ್ಲದಿದ್ದ ಕಾಲದಲ್ಲಿ ನಮ್ಮ ಹಾಲನ್ನೂ ಹೀಗೇ ಬಾಯಿಗೆ ಬಂದ ಬೆಲೆಗೆ ಕೇಳ್ತಿದ್ದರು. ಡಿಗ್ರಿ ನೋಡಿ ದರ ಕಟ್ಟುವ ಏರ್ಪಾಡು ಬಂದ ಮೇಲೆ ತಾನೇ ಹಾಲು ಹಾಕುವ ಮನೆಯಾಕೆಗೆ ವಾರದ ಬಟವಾಡೆ ಅಂತ ಕೈಗೆ ಬಂದಿದ್ದು?

ಕಮಲಾದೇವಿಯವರು ಹೇಳುತ್ತಾ ಬಂದದ್ದರ ಸಾರವೂ, ನನಗೆ ತಿಳಿದ ಮಟ್ಟಿಗೆ, ಇದೇ. ಕೈಕೆಲಸ ಮ್ಯೂಸಿಯಂನಲ್ಲಿ ಇಡೋ ವಸ್ತು ಅಲ್ಲ, ಬಡವರಿಗೆ ಮಾಡುವ ದಾನವೂ ಅಲ್ಲ. ಅದು ದಿನ ಬಳಸುವ ಚೆಂದ, ಮಾಡಿದವನಿಗೆ ಅನ್ನ. ಇದರಲ್ಲಿ ಅವರು ಹಟ ಹಿಡಿದಿದ್ದರು ಅಂತಲೇ ಹೇಳಬಹುದು. ಯಂತ್ರದ ಯುಗದಲ್ಲಿ ಇದೆಲ್ಲ ನಡೆಯೋದಿಲ್ಲ ಅಂತ ದೊಡ್ಡ ದೊಡ್ಡ ಓದಿದವರು ನಕ್ಕರು. 1964ರಲ್ಲಿ ವಿಶ್ವ ಕರಕುಶಲ ಪರಿಷತ್ತು ಹುಟ್ಟಿದಾಗ ಅದನ್ನು ಕಟ್ಟಿದವರಲ್ಲಿ ಈ ಮಂಗಳೂರಿನ ಹೆಣ್ಣುಮಗಳೂ ಒಬ್ಬರು. ನಾಟಕ, ನೃತ್ಯದ ಸಂಸ್ಥೆಗಳನ್ನು ಕಟ್ಟಿದ್ದರಲ್ಲೂ ಅವರ ಕೈ ಇದೆ, ಅದೆಲ್ಲ ಬರೆಯಲು ಹೋದರೆ ಸಂಚಿಕೆಯ ಪುಟ ಸಾಲದು. 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಬಂದವು. 1986ರಲ್ಲಿ ತಮ್ಮ ನೆನಪುಗಳನ್ನೂ ಇಂಗ್ಲಿಷಿನಲ್ಲಿ ಪುಸ್ತಕ ಮಾಡಿದರು.

1988ರ ಅಕ್ಟೋಬರ್ 29ರಂದು ಬೊಂಬಾಯಿಯಲ್ಲಿ ಅವರು ಕಾಲವಾದರು. ಆಗ 85 ವರ್ಷ. ಕಡೆಯವರೆಗೂ ಕೈಮಗ್ಗದ ಸೀರೆ, ಹಳ್ಳಿ ಅಕ್ಕಸಾಲಿಗರು ಮಾಡಿದ ಒಡವೆ, ತಲೆಗೆ ಹೂವು. ಎಳೆ ವಯಸ್ಸಿಗೇ ವಿಧವೆ ಅಂತ ಮೂಲೆಗೆ ಹೋಗಬೇಕಾಗಿದ್ದ ಹೆಣ್ಣು ಹೀಗೆ ಬಾಳಿದರು. ಅವರು ಕಟ್ಟಿ ಬೆಳೆಸಿದ ಕರಕುಶಲ ಮಂಡಳಿಯನ್ನು 2020ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ರದ್ದು ಮಾಡಿತು. ಕೋವಿಡ್ ಗಲಾಟೆಯಲ್ಲಿ ನಮ್ಮಲ್ಲಿ ಬಹಳ ಜನಕ್ಕೆ ಅದು ಗೊತ್ತೂ ಆಗಲಿಲ್ಲ.

ಬೆಳ್ಳಿಹಬ್ಬದ ದಿನ ಸಂಘದ ಮೇಲಂತಸ್ತಿನ ಹಾಲಿನಲ್ಲಿ ನಮ್ಮ ಸದಸ್ಯರ ಮನೆಯ ಕೌದಿ, ಕ್ರೋಷಾ, ಸ್ವೆಟರು, ಕುಲಾವಿ, ತೋರಣಗಳನ್ನು ಜೋಡಿಸಿಡುತ್ತಿದ್ದೇವೆ. ಮುಟ್ಟಿ ನೋಡಬಹುದು, ಕೊಳ್ಳಲೂಬಹುದು. ಚೌಕಾಸಿ ಇಲ್ಲ. ಹೊಲಿಯಲು ಹಿಡಿದ ದಿನ ಎಷ್ಟು, ದಾರ ಬಟ್ಟೆಗೆ ಬಿದ್ದ ಖರ್ಚು ಎಷ್ಟು ಅನ್ನೋದನ್ನ ಬೆಲೆ ಚೀಟಿಯ ಮೇಲೇ ಬರೆಸಿದ್ದೇವೆ, ಅದರ ಕೆಳಗೆ ಹೊಲಿದವರ ಹೆಸರೂ ಇರುತ್ತೆ.